ಚೀಲ ಕಾಯುವವಳು ಬಲೂನು ಹತ್ತಿದ್ದು

ಪ್ರತಿಯೊಂದು ಕುಟುಂಬದಲ್ಲೂ ಚೀಲ ಕಾಯುವವರು ಅಂತ ಒಬ್ಬರಿರುತ್ತಾರೆ. ಅವರನ್ನು ಯಾರೂ ನೇಮಿಸಿರುವುದಿಲ್ಲ, ಆದೇಶಪತ್ರ ಬಂದಿರುವುದಿಲ್ಲ, ನಿವೃತ್ತಿಯ ವಯಸ್ಸಂತೂ ಇಲ್ಲವೇ ಇಲ್ಲ. ಎಲ್ಲರೂ ಹೊಳೆಗಿಳಿದಾಗ ದಂಡೆಯ ಮೇಲೆ ಕೂಡುವವರು, ಎಲ್ಲರೂ ಜಾತ್ರೆಯ ತೊಟ್ಟಿಲು ಹತ್ತಿದಾಗ ಕೆಳಗೆ ಚಪ್ಪಲಿ ನೋಡಿಕೊಳ್ಳುವವರು, ಫೋಟೋದಲ್ಲಿ ಎಲ್ಲರ ಮುಖ ಬಂದಾಗ ಮೂಲೆಯಲ್ಲಿ ಬರೀ ಸೆರಗಿನ ತುದಿಯಾಗಿ ಉಳಿಯುವವರು ಇವರೇ. ನಮ್ಮ ಮನೆಯಲ್ಲಿ ಆ ಹುದ್ದೆ ಮೂವತ್ತೊಂದು ವರ್ಷ ನನ್ನದಾಗಿತ್ತು.

ಹುದ್ದೆ ಹೇಗೆ ಬಂತು ಅನ್ನುವುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನನ್ನ ತವರು ತಿಕೋಟಾ. ಮದುವೆಯಾಗಿ ವಿಜಯಪುರಕ್ಕೆ ಬಂದ ಹೊಸತರಲ್ಲಿ ನಮ್ಮ ಮನೆಯವರು ನನ್ನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರು. ಆ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಎರಡು ಅಂತಸ್ತು ಹತ್ತಿದ್ದೆನೋ ಇಲ್ಲವೋ, ಒಂದು ಕಿಂಡಿಯಲ್ಲಿ ಕೆಳಗಿನ ಹುಲ್ಲು ಕಂಡಿತು. ನನ್ನ ಮೊಳಕಾಲು ತಮ್ಮಷ್ಟಕ್ಕೆ ತಾವೇ ಕುಣಿಯತೊಡಗಿದವು. ಹೊಸ ಗಂಡನ ಮುಂದೆ ಹೆದರಿಕೆ ಅನ್ನಲು ನಾಚಿಕೆ. "ಕೆಳಗ ಚೀಲ ಬಿಟ್ಟು ಬಂದೇವಿ, ಯಾರರ ಕಾಯಬೇಕಲ್ರಿ" ಅಂತ ಹೇಳಿ ಇಳಿದು ಬಂದುಬಿಟ್ಟೆ. ಅವತ್ತು ಹೇಳಿದ ಒಂದು ಸುಳ್ಳು ಕಾಯಂ ನೌಕರಿಯಾಯಿತು. ಆಮೇಲೆ ಬಂದ ನೆಂಟರನ್ನೆಲ್ಲ ನಾನೇ ಗುಮ್ಮಟಕ್ಕೆ ಕರೆದೊಯ್ದಿದ್ದೇನೆ. ಅವರು ಮೇಲೆ ಹೋಗಿ ಕೂಗಿ, ಪ್ರತಿಧ್ವನಿ ಕೇಳಿ, ಬೆವರಿಳಿಸುತ್ತ ಬರುವವರೆಗೆ ನಾನು ಮರದ ನೆರಳಿನಲ್ಲಿ ಚೀಲಗಳ ನಡುವೆ ಕೂತಿರುತ್ತಿದ್ದೆ. "ಏಳು ಸಲ ಕೇಳಸ್ತದ ಅಲ್ರಿ?" ಅಂತ ಅವರಿಗಿಂತ ಮೊದಲು ನಾನೇ ಹೇಳುತ್ತಿದ್ದೆ. ಕೇಳಿದವಳಲ್ಲ, ಕೇಳಿದವರಿಂದ ಕೇಳಿದವಳು.

ಹೀಗೆ ಸುಖವಾಗಿಯೇ ಇದ್ದೆ. ಹೋದ ಚಳಿಗಾಲದಲ್ಲಿ ಮಗಳು ಸುಮಾ ಮತ್ತು ಅಳಿಯ ಮಹಾಂತೇಶ ಬೆಳಗಾವಿಯಿಂದ ರಜೆಗೆ ಬಂದರು. ಹೊರಗಿನ ಊರಿನ ಒಂದು ತಂಡ ನಮ್ಮೂರ ಅಂಚಿನ ಬಯಲಿನಿಂದ ಬಿಸಿಗಾಳಿ ಬಲೂನು ಹಾರಿಸುತ್ತಿದ್ದ ದಿನಗಳು ಅವು. ಸುಮಾ ನಮಗೆ ಉಡುಗೊರೆ ಅಂತ ಬುಟ್ಟಿಯೊಂದನ್ನು ಕಾದಿರಿಸಿಯೇ ಬಂದಿದ್ದಳು. ಬುಟ್ಟಿಯಲ್ಲಿ ಓಡಿಸುವವನನ್ನು ಬಿಟ್ಟು ನಾಲ್ಕು ಜನರಿಗೆ ಜಾಗ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಆಕೆ ಬೆರಳು ಮಡಚಿದ್ದು ಕೇಳಿಸಿತು.

"ನಾನು, ಇವ್ರು, ಅಪ್ಪ, ಆಯಿ. ಸರಿ ನಾಕಾತು."

ಆಯಿ ಅಂದರೆ ನನ್ನ ಅತ್ತೆ, ವಯಸ್ಸು ಎಪ್ಪತ್ತಾರು.

"ಮತ್ತ ಅತ್ತಿಯವ್ರು?" ಅಂದ ಅಳಿಯ. ಒಳ್ಳೆಯ ಹುಡುಗ. ಅವತ್ತು ಅವನ ತಟ್ಟೆಗೆ ಒಂದು ಸೌಟು ಬೆಣ್ಣೆ ಹೆಚ್ಚಿಗೆ ಬಿತ್ತು.

"ಅವ್ವ ಕೆಳಗ ಇರ್ತಾಳ. ಆಕೀಗಿ ಎತ್ತರ ಆಗೂದಿಲ್ಲ. ಮತ್ತ ಚೀಲ ಯಾರ ನೋಡ್ಕೋಬೇಕು?" ಅಂದಳು ಸುಮಾ.

ನಮ್ಮ ಮನೆಯವರು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಾವ ಸಮಸ್ಯೆ ಬಂದರೂ ಉತ್ತರದ ಕೆಳಗೆ ಎರಡು ಗೆರೆ ಎಳೆದೇ ಏಳುವ ಮನುಷ್ಯ. "ನೋಡು ಗಂಗಾ, ಅವ್ವಗ ಎಪ್ಪತ್ತಾರು, ನಿನಗ ಐವತ್ತಮೂರು. ನಿನಗಿನ್ನೂ ಟೈಮ್ ಐತಿ. ಮುಂದ ಯಾವಾಗರ ಹೋದಿ" ಅಂತ ಅಲ್ಲಿಂದಲೇ ಲೆಕ್ಕ ಬಿಡಿಸಿದರು.

ಯಾಕೋ ಗೊತ್ತಿಲ್ಲ, ಮೂವತ್ತೊಂದು ವರ್ಷ ಚುಚ್ಚದ ಮಾತು ಅವತ್ತು ಚುಚ್ಚಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ನಾನೂ ಬರ್ತೀನಿ" ಅಂದೆ.

"ಬಾ, ಬಾ. ನೀ ಬರದ ಹ್ಯಾಂಗ? ಚಾದ ಥರ್ಮಾಸ ಯಾರ ತರಬೇಕು?" ಅಂದರು ಇವರು.

"ಕೆಳಗ ಅಲ್ರಿ. ಮ್ಯಾಲ."

ಎಲ್ಲರೂ ನಕ್ಕರು. ನೋಡಿ, ಅವರು ಬೇಡ ಅಂದಿದ್ದರೆ ನಾನು ಬಹುಶಃ ಒಳಗೊಳಗೇ ಖುಷಿಪಟ್ಟು, ಮುಖ ಊದಿಸಿಕೊಂಡು, ಮತ್ತೆ ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಬೈದಿದ್ದರೂ ಉಳಿಯುತ್ತಿದ್ದೆ. ನಕ್ಕರಲ್ಲ, ಅಲ್ಲಿಗೆ ಮುಗಿಯಿತು. ಇನ್ನು ಆ ಬಲೂನಿಗೆ ಬೆಂಕಿ ಹತ್ತಿದರೂ ನಾನು ಅದರೊಳಗೇ ಇರಬೇಕು ಅಂತ ನಿಶ್ಚಯಿಸಿದೆ.

ಹಾರುವ ದಿನಕ್ಕೆ ಇನ್ನೂ ಎರಡು ದಿನ ಇತ್ತು. ನಾನು ತಾಲೀಮು ಶುರು ಮಾಡಿದೆ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೊದಲು ಮಣೆಯ ಮೇಲೆ ನಿಂತೆ. ನಾಲ್ಕು ಬೆರಳಿನ ಎತ್ತರ, ಏನೂ ಆಗಲಿಲ್ಲ. ಧೈರ್ಯ ಬಂದು ಸ್ಟೂಲು ಹತ್ತಿದೆ. ಅದರ ಮೇಲಿಂದ ನಮ್ಮ ನೆಲದ ಫರಸಿಕಲ್ಲು ನೋಡಿದ್ದೇ ತಡ, ಗೋಡೆಯ ಮೇಲಿನ ಮಾವನವರ ಫೋಟೋ ಹಿಡಿದುಕೊಂಡೆ. ಮಾವನವರು ಇದ್ದಾಗಲೂ ನನಗೆ ಇಷ್ಟು ಆಧಾರವಾಗಿರಲಿಲ್ಲ.

ಆ ದಿನ ಸೂರ್ಯ ಹುಟ್ಟುವ ಮೊದಲೇ ಬಯಲಿಗೆ ಹೋದೆವು. ಬಲೂನು ಮದುವೆ ಹಂದರದ ಬಟ್ಟೆಯನ್ನು ಯಾರೋ ಕಿತ್ತು ಎಸೆದ ಹಾಗೆ ನೆಲದ ಮೇಲೆ ಬಿದ್ದಿತ್ತು. ಒಂದು ದೊಡ್ಡ ಫ್ಯಾನು ಅದರ ಬಾಯಿಗೆ ಗಾಳಿ ಊದುತ್ತಿತ್ತು. ಹಾರಿಸುವವನು ಹಿಂದಿ ಮಾತಾಡುವ ಸಣಕಲು ಮನುಷ್ಯ. ಅವನ ಮಾತನ್ನು ನಮಗೆ ತಿಳಿಸಿ ಹೇಳುತ್ತಿದ್ದವನು ಜೀಪಿನ ಡ್ರೈವರ್ ಬಂದೇನವಾಜ, ನಮ್ಮೂರವನೇ, ಅರ್ಧ ಗಡ್ಡ ಹಣ್ಣಾದವನು. ಬಲೂನು ಗಾಳಿ ಹೋದತ್ತ ಹೋಗುತ್ತದೆ, ಜೀಪು ಕೆಳಗಿನ ರಸ್ತೆಯಲ್ಲಿ ಬೆನ್ನು ಹತ್ತಿ ಹೋಗಿ, ಇಳಿದಲ್ಲಿಂದ ಮಂದಿಯನ್ನು ಕರೆತರುತ್ತದೆ. ಅಷ್ಟರಲ್ಲಿ ಬೆಂಕಿ ಭುಸ್ಸೆಂದಿತು. ಬಿದ್ದಿದ್ದ ಬಟ್ಟೆ ಮೆಲ್ಲಗೆ ಎದ್ದು ನಿಂತು ಮೂರಂತಸ್ತಿನ ಮನೆಯನ್ನೂ ಮೀರಿ ಬೆಳೆಯಿತು.

ನಾನು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುತ್ತೇನೆ ಅಂತ ಎಲ್ಲರೂ ಗಟ್ಟಿಯಾಗಿ ನಂಬಿದ್ದರು. ಇವರು ಥರ್ಮಾಸಿನ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ಆಮೇಲೆ ಅತ್ತೆಯನ್ನು ಬುಟ್ಟಿಯೊಳಗೆ ಹೇಗೆ ಇಳಿಸುವುದು ಅನ್ನುವ ಚರ್ಚೆ ನಡೆಯಿತು. ಬುಟ್ಟಿಯ ಗೋಡೆ ಎದೆಯೆತ್ತರ, ಬಾಗಿಲಿಲ್ಲ, ಕಾಲಿಡಲು ಎರಡು ತೂತು ಅಷ್ಟೇ. ಅವರು ಚರ್ಚಿಸುತ್ತಿರುವಾಗ ನಾನು ಚೀಲ ನೆಲಕ್ಕಿಟ್ಟೆ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿದೆ, ಒಂದು ತೂತಿನಲ್ಲಿ ಕಾಲಿಟ್ಟೆ, ಕಣ್ಣು ಮುಚ್ಚಿ ದೇಹವನ್ನು ಆಚೆ ಎಸೆದೆ. ಗಿರಣಿಯಲ್ಲಿ ಹಿಟ್ಟಿನ ಮೂಟೆ ಇಳಿಸಿದ ಸದ್ದು ಬಂತು. ಎದ್ದು ನಿಂತಾಗ ಕುಂಕುಮ ಮೂಗಿನ ಮೇಲಿತ್ತು, ಆದರೆ ನಾನು ಬುಟ್ಟಿಯ ಒಳಗಿದ್ದೆ.

"ಗಂಗಾ, ತಮಾಷಿ ಸಾಕು, ಇಳಿ" ಅಂದರು ಇವರು.

"ಇಳಿಯಾಂಗಿಲ್ಲ. ಧೈರ್ಯ ಇದ್ರ ನೀವ ಬಂದು ಇಳಸ್ರಿ."

ಬಂದೇನವಾಜ ಮೆಲ್ಲಗೆ, "ನಾಕ ಮಂದೀನ ರೀ ಅಕ್ಕಾರ. ಒಬ್ರು ಉಳೀಬೇಕಾಗ್ತದ" ಅಂದ. ಸುಮಾ ಅಪ್ಪನ ಮುಖ ನೋಡಿದಳು. ಇವರು ತಮ್ಮ ಅವ್ವನ ಮುಖ ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದರೆ ಇಳಿದುಬಿಡುತ್ತಿದ್ದೆ. ಆಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲು ಹೊದ್ದು ಕೂತಿದ್ದ ಅತ್ತೆಯ ದನಿ ಬಂತು.

"ಲೇ ಬಸ್ಯಾ."

ನಮ್ಮ ಮನೆಯವರ ಹೆಸರು ಬಸವರಾಜ. ಬಬಲೇಶ್ವರದಲ್ಲಿ ಅವರೆದುರು ಉಸಿರು ಬಿಡದ ಹುಡುಗರು ಈಗ ಮಕ್ಕಳ ತಂದೆಯರಾಗಿದ್ದಾರೆ. ಅಂಥವರು ಅಷ್ಟು ಜನರ ನಡುವೆ ಬಸ್ಯಾ ಆಗಿ ಹೋದರು.

"ನೀ ಉಳಿ. ಆಕಿ ಹತ್ಯಾಳ, ಹೋಗ್ಲಿ. ಇಷ್ಟ ವರ್ಷದಾಗ ಒಮ್ಮಿ ಹಟ ಮಾಡ್ಯಾಳ. ಮ್ಯಾಲ ನಾ ಜೋಲಿ ಹೊಡದ್ರ ಹಿಡಿಯಾಕ ಆಕೀನ ಬೇಕು. ನಿನಗ ನಿನ್ನ ಪ್ಯಾಂಟ ಹಿಡ್ಕೊಳ್ಳಾಕ ಬರೂದಿಲ್ಲ."

ಈ ಅತ್ತೆಗೂ ನನಗೂ ಮೂವತ್ತೊಂದು ವರ್ಷ ಸಾರಿನ ಉಪ್ಪಿನಿಂದ ಹಿಡಿದು ಅಂಗಳದ ಕಸದವರೆಗೆ ಒಂದರಲ್ಲೂ ಒಮ್ಮತವಿರಲಿಲ್ಲ. ಬಂದೇನವಾಜ ನಗು ಗಡ್ಡದಲ್ಲಿ ಮುಚ್ಚಿಕೊಂಡು, "ಬರ್ರಿ ಸರ, ನನ್ನ ಜೋಡಿ ಜೀಪಿನ್ಯಾಗ ಬರ್ರಿ. ಮುಂದಿನ ಸೀಟ ನಿಮಗ" ಅಂದ. ಗಣಿತದ ಮೇಷ್ಟ್ರು ಥರ್ಮಾಸಿನ ಚೀಲ ಎತ್ತಿಕೊಂಡರು. ಅಳಿಯನೂ ಬಂದೇನವಾಜನೂ ಸೇರಿ ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಬುಟ್ಟಿಯೊಳಗೆ ದಾಟಿಸಿ, ಖಾಲಿ ಕುರ್ಚಿ ಹೊರಗೆ ತೆಗೆದರು.

ನೆಲ ಬಿಟ್ಟಿದ್ದು ಯಾವಾಗ ಅಂತ ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ಕಣ್ಣು ಮುಚ್ಚಿದ್ದೆ. ಬುಟ್ಟಿಯ ಹಗ್ಗದ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು, ಗೊತ್ತಿದ್ದ ಎಲ್ಲ ದೇವರ ಹೆಸರು ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದೆ. ಕಿವಿಯ ಹತ್ತಿರ ಅತ್ತೆ ಅಂದರು, "ಕಣ್ಣ ತಗಿ ಬೇ."

"ತಗದೇನ್ರಿ ಅತ್ತಿ."

"ಸುಳ್ಳ ಹೇಳಬ್ಯಾಡ. ನಾ ನಿನ್ನ ಮಾರೀನ ನೋಡಾಕತ್ತೇನಿ. ನನ್ನ ಮಗನ್ನ ಕೆಳಗ ಬಿಟ್ಟು ನಿನ್ನ ಕರಕೊಂಡ ಬಂದೇನಿ, ಹಿಂಗ ನಿಂದ್ರಾಕ?"

ಒಂದು ಕಣ್ಣು ತೆಗೆದೆ. ಊರು ಕೆಳಗಿತ್ತು. ಮನೆಗಳ ಮಾಳಿಗೆ, ನೀರಿನ ಟಾಕಿ, ಹಾಸಿದ ಬಟ್ಟೆ, ಎಲ್ಲದರ ನಡುವೆ ಗೋಳಗುಮ್ಮಟ ಕೂತಿತ್ತು, ಯಾರೋ ತಿಕ್ಕಿ ತೊಳೆದು ಬೋರಲು ಹಾಕಿದ ಹಂಡೆಯ ಹಾಗೆ. ನಾನು ಇನ್ನೊಂದು ಕಣ್ಣನ್ನೂ ತೆಗೆದೆ. ಇದಕ್ಕೇ ಏನು ನಾನು ಇಷ್ಟು ವರ್ಷ ಹೆದರಿದ್ದು? ನನ್ನ ಅಷ್ಟೂ ಮಧ್ಯಾಹ್ನಗಳನ್ನು ಮರದ ಕೆಳಗೆ ಕೂಡಿಸಿದ್ದು ಇದೇ ಏನು? ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಬುಟ್ಟಿಯ ಅಂಚಿಗೆ ಬಂದು ಪೂರ್ತಿ ಬಗ್ಗಿ ನೋಡಿದೆ. ಹಿಂದಿನಿಂದ ಸುಮಾ ನನ್ನ ಸೀರೆ ಹಿಡಿದುಕೊಂಡು, "ಅವ್ವಾ, ಸಾಕು ಬೇ, ನನಗ ಅಂಜಿಕಿ ಆಗಾಕತ್ತೈತಿ" ಅಂದಳು. ನನಗೆ ಎತ್ತರ ಆಗುವುದಿಲ್ಲ ಅಂದವಳು ಇವಳೇ.

ಗಾಳಿ ನಮ್ಮನ್ನು ಪಡುವಣಕ್ಕೆ ಒಯ್ದಿತು. ಬೆಂಕಿ ಸುಮ್ಮನಾದಾಗ ಎಂಥ ನಿಶ್ಶಬ್ದ ಅಂದರೆ, ಕೆಳಗಿನ ಹೊಲದಲ್ಲಿ ನಾಯಿ ಬೊಗಳಿದ್ದು ಮನೆ ಮುಂದೆ ಬೊಗಳಿದ ಹಾಗೆ ಕೇಳುತ್ತಿತ್ತು. ಜೋಳದ ಹೊಲ ದಾಟಿದೆವು, ದ್ರಾಕ್ಷಿ ತೋಟಗಳು ಬಂದವು, ತಿಕೋಟಾ ಬಂತು, ನಾನು ಕಲಿತ ಶಾಲೆ ಕಂಡಿತು. "ಅದು ನಮ್ಮ ಸಾಲಿ!" ಅಂತ ನಾನು ಎಷ್ಟು ಜೋರಾಗಿ ಕಿರುಚಿದೆ ಅಂದರೆ, ಹಾರಿಸುವವನು ಗಾಬರಿಯಾಗಿ ಎಲ್ಲಿ ಹರಿಯಿತು ಅಂತ ಬಟ್ಟೆಯನ್ನು ನೋಡಿದ.

ಹೊನವಾಡದ ಕಡೆ ಬಂದಾಗ ಅವನು ಇಳಿಯುವ ಜಾಗ ಹುಡುಕತೊಡಗಿದ. ಎಲ್ಲಿ ನೋಡಿದರೂ ದ್ರಾಕ್ಷಿ, ಕಂಬ, ತಂತಿ. ಹಳ್ಳದ ಆಚೆ ಒಂದು ಖಾಲಿ ಹೊಲ ನನಗೆ ಕಂಡಿತು. "ಭೈಯಾ, ಉಧರ್ ಜಮೀನ್ ಖಾಲಿ ಹೈ ನೋಡ್ರಿ" ಅಂದೆ. ಅವನು ಬೆಂಕಿ ಕಡಿಮೆ ಮಾಡಿ ಅತ್ತಲೇ ಇಳಿಸಿದ. ಅವನಿಗೆ ಆ ಹೊಲ ಮೊದಲೇ ಕಂಡಿತ್ತು ಅಂತ ಅಳಿಯ ಇವತ್ತಿಗೂ ವಾದಿಸುತ್ತಾನೆ. ವಾದಿಸಲಿ. ಆ ಬಲೂನು ಇಳಿಸಿದವಳು ನಾನು.

ಬುಟ್ಟಿ ಒಮ್ಮೆ ನೆಲಕ್ಕೆ ಬಡಿದು ಹಾರಿತು, ಇನ್ನೊಮ್ಮೆ ಬಡಿದು ಎಳೆದುಕೊಂಡು ಹೋಯಿತು, ಆಮೇಲೆ ಪಕ್ಕಕ್ಕೆ ಮಲಗಿತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರ ಕೆಳಗೆ ನಾನಿದ್ದೆ, ನನ್ನ ಮೇಲೆ ಅತ್ತೆ. ಅಷ್ಟರಲ್ಲಿ ಪಕ್ಕದ ಕಡಲೆ ಹೊಲದಿಂದ ಕಳೆ ತೆಗೆಯುವ ಕುರುಪಿ ಹಿಡಿದ ಹೆಣ್ಣುಮಗಳೊಬ್ಬಳು ಓಡಿ ಬಂದಳು.

"ಯಾವೂರವ್ರರೀ ನೀವು? ಹೇಳದ ಕೇಳದ ಮಂದಿ ಹೊಲದಾಗ ಬಂದು ಬೀಳೂದೇನು?"

"ಬಿದ್ದಿಲ್ರೀ! ಇಳದೇವಿ!" ಅಂದೆ ನಾನು ಮಲಗಿದಲ್ಲಿಂದಲೇ.

ಆಕೆ ಬಗ್ಗಿ ನಮ್ಮ ರಾಶಿಯನ್ನು ನೋಡಿದಳು. "ಹಂಗಾದ್ರ ಏಳ್ರಿ ನೋಡೂನು" ಅಂದಳು. ಏಳಲಾಗಲಿಲ್ಲ. ಆಕೆಗೆ ನಗು ತಡೆಯಲಾಗದೆ ಕುರುಪಿ ಬಿಸಾಕಿ ಒಬ್ಬೊಬ್ಬರನ್ನೇ ಎಳೆದು ಹೊರಗೆ ಹಾಕಿದಳು. ಬದುವಿನ ಮೇಲೆ ಕೂಡಿಸಿ, ನೀರು ಕೊಟ್ಟು, ಹಸಿ ಕಡಲೆಗಿಡ ಕಿತ್ತು ತಂದಳು. ಬಲೂನನ್ನು ಬಹಳ ಹೊತ್ತು ನೋಡಿ, "ನನಗೂ ಒಮ್ಮಿ ಹತ್ತಬೇಕ ಅನಸ್ತೈತ್ರಿ. ಮನ್ಯಾಗ ಕೇಳಿದ್ರ ನಗ್ತಾರ" ಅಂದಳು.

"ಕೇಳಬ್ಯಾಡ್ರಿ. ಮೊದಲ ಹತ್ತಿ ಬಿಡ್ರಿ" ಅಂದೆ.

ಅರ್ಧ ಗಂಟೆಯ ಮೇಲೆ ಜೀಪು ಬಂತು. ಮುಂದಿನ ಸೀಟಿನಲ್ಲಿ ನಮ್ಮ ಮನೆಯವರು, ಮೈಯೆಲ್ಲ ಧೂಳು, ತೊಡೆಯ ಮೇಲೆ ಅಷ್ಟೂ ಚೀಲ. ಇಳಿದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಥರ್ಮಾಸು ತೆಗೆದು ಮೊದಲ ಕಪ್ಪು ನನಗೆ ಕೊಟ್ಟರು. "ಅಂಜಿಕಿ ಆಗ್ಲಿಲ್ಲ?" ಅಂತ ಸಣ್ಣಗೆ ಕೇಳಿದರು.

"ಏನೂ ಇಲ್ಲ. ಅದರಾಗ ಅಂಜೂದೇನೈತಿ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಒಂದು ಕಡಲೆ ಸುಲಿದು ಬಾಯಿಗೆ ಹಾಕಿಕೊಂಡರು.

ಅವರು ಅವತ್ತೇ ನಿಜ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ. ಯಾಕೆಂದರೆ ಅವತ್ತಿನಿಂದ ನಮ್ಮ ಮನೆಯಲ್ಲಿ ನೆಲಕ್ಕಿಂತ ಮೇಲಿರುವ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ. ಅಟ್ಟದ ಪಾತ್ರೆ, ಫ್ಯಾನಿನ ಧೂಳು, ಮೂಲೆಯ ಜೇಡರ ಬಲೆ. "ಬಲೂನಿನ್ಯಾಗ ಹೋಗಿ ಬಂದಾಕಿಗಿ ಇದೇನ ದೊಡ್ಡದು?" ಅಂತ ಇವರು ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ. ನಾನೂ ಬಿಡುವವಳಲ್ಲ, ಹತ್ತುತ್ತೇನೆ. ಮೊನ್ನೆ ಭಾನುವಾರ ಗಾಳಿಗೆ ಮಾಳಿಗೆಯ ಮೇಲಿನ ಟಾಕಿಯ ಮುಚ್ಚಳ ಹಾರಿತ್ತು. ಕಬ್ಬಿಣದ ಏಣಿ ಹಚ್ಚಿ ಸರಸರ ಹತ್ತಿದೆ, ಮುಚ್ಚಳ ಹಾಕಿದೆ, ಮೇಲೆ ಕಲ್ಲು ಹೇರಿದೆ. ತಿರುಗಿ ಇಳಿಯಬೇಕು ಅಂತ ನೋಡಿದರೆ ಏಣಿಯ ಮೊದಲ ಮೆಟ್ಟಿಲು ಎಲ್ಲೋ ಪಾತಾಳದಲ್ಲಿತ್ತು. ಟಾಕಿಯ ಪಕ್ಕಕ್ಕೆ ಕೂತುಬಿಟ್ಟೆ.

ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯಾಕೆ, "ಏನ್ರಿ ಗಂಗಕ್ಕಾ, ಅಲ್ಲೇನ ಮಾಡಾಕತ್ತೀರಿ?" ಅಂದಳು.

"ಗಾಳಿ ತೊಗೊಳ್ಳಾಕತ್ತೇನ್ರಿ" ಅಂದೆ.

ಮುಕ್ಕಾಲು ತಾಸಿನ ಮೇಲೆ ಕೆಳಗಿನಿಂದ ಇವರು ಕೂಗಿದರು, "ಯಾಕ, ಇಳಿಯಾಕ ಬರವಲ್ದೇನು? ನಾ ಬರ್ಲೇನು?"

"ಏನೂ ಬ್ಯಾಡ! ನನ್ನ ಮನಸ್ಸಿಗೆ ಬಂದಾಗ ನಾ ಇಳೀತೀನಿ!"

ಮನಸ್ಸಿಗೆ ಬಂದು ಮುಕ್ಕಾಲು ತಾಸೇ ಆಗಿತ್ತು. ಕಾಲಿಗೆ ಇನ್ನೂ ಬಂದಿರಲಿಲ್ಲ.