ಮಾವನ ಗಂಟಲೂ ಅಕ್ಕಿಯ ಸುರುಳಿಯೂ

ನಮ್ಮ ಸೋದರಮಾವನನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದಕ್ಕಿಂತ ಹುಲಿಯನ್ನು ಕರೆದುಕೊಂಡು ಹೋಗುವುದು ಸುಲಭ. ಹುಲಿ ಅಡುಗೆಯವನನ್ನು ಪ್ರಶ್ನೆ ಕೇಳುವುದಿಲ್ಲ, ನೇರವಾಗಿ ತಿನ್ನುತ್ತದೆ!

ಮಾವ ಧಾರವಾಡದವರು. ಲಂಡನ್ನಿನ ಹೌನ್ಸ್ಲೋದಲ್ಲಿದ್ದುಕೊಂಡು ವಿಮಾನ ನಿಲ್ದಾಣದಲ್ಲಿ ದುಡಿದು ನಿವೃತ್ತರಾಗಿ, ಅತ್ತೆ ತೀರಿಕೊಂಡ ಮೇಲೆ ಕೊಲಿಂಡೇಲಿನ ನಮ್ಮ ಫ್ಲಾಟಿಗೆ ಬಂದರು. ಒಮ್ಮೆ ಹೋಟೆಲಿನಲ್ಲಿ ಮಾಣಿಯನ್ನು ಕರೆದು, “ದೋಸೆ ಹಿಟ್ಟು ಯಾವಾಗ ರುಬ್ಬಿದ್ದು?” ಎಂದರು.

“ಇವತ್ತು ಬೆಳಿಗ್ಗೇನೇ ಸರ್, ಫ್ರೆಶ್!” ಎಂದ ಪಾಪ, ಹೆಮ್ಮೆಯಿಂದ.

“ಹಂಗಾದ್ರ ಇನ್ನೂ ಹುಳಿ ಬಂದಿರೂದಿಲ್ಲ. ನಾಳೆ ಬರ್ತೀವಿ” ಎಂದು ಎದ್ದೇಬಿಟ್ಟರು. ನನ್ನ ಗಂಡ ಆಗಲೇ ಅರ್ಧ ಲಸ್ಸಿ ಕುಡಿದಾಗಿತ್ತು!

ಇಂಥವರಿಗೆ ಹೋದ ಚಳಿಗಾಲದಲ್ಲಿ ಗಂಟಲಿನ ಆಪರೇಷನ್ ಆಯಿತು. ಮನೆಗೆ ಬಂದ ಹೊಸತರಲ್ಲಿ ಒಂದು ತುತ್ತು ಸಿಕ್ಕಿಕೊಂಡು ಉಸಿರೇ ಕಟ್ಟಿಹೋಯಿತು. ಬೆನ್ನಿಗೆ ಗುದ್ದಿ ಹೊರಗೆ ಹಾಕಿಸಿದವಳು ನಾನೇ. ಅವತ್ತಿನಿಂದ ಗಂಜಿ, ಚಹಾ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಹೆದರಿಕೆ ಅಂತ ಒಪ್ಪಿಕೊಂಡಾರೆಯೇ? ಶಾವಿಗೆ ಮಾಡಿದರೆ “ಇದು ಭಾಳ ಉದ್ದ ಐತಿ.” ಇಡ್ಲಿ ಮಾಡಿದರೆ “ಇದು ಭಾಳ ದುಂಡಗೈತಿ.” ಉದ್ದವೂ ಅಲ್ಲದ, ದುಂಡಗೂ ಇಲ್ಲದ ಆಹಾರವನ್ನು ನಾನೆಲ್ಲಿಂದ ತರಲಿ?

ಪ್ಯಾಂಟು ಜಾರತೊಡಗಿತು. “ಇಲ್ಲೀ ನೀರಿಗೆ ಬಟ್ಟಿ ಹಿಗ್ಗತಾವ” ಎಂದರು. ಯಾರಿಗೂ ನಗು ಬರಲಿಲ್ಲ.

ಮೊನ್ನೆ ಡಾಕ್ಟರು ಪರೀಕ್ಷೆ ಮಾಡಿ, ಗಂಟಲು ಪೂರ್ತಿ ವಾಸಿಯಾಗಿದೆ, ಹೀಗೇ ಉಪವಾಸ ಬಿದ್ದರೆ ಮೂಗಿನಿಂದ ಟ್ಯೂಬ್ ಹಾಕಬೇಕಾಗುತ್ತದೆ ಎಂದರು. “ಯಾವುದು, ನಾರ್ದರ್ನ್ ಲೈನೋ, ಪಿಕಡಿಲಿಯೋ?” ಎಂದು ಮಾವ ನನ್ನ ಕಿವಿಯಲ್ಲಿ ಕೇಳಿದರು, ಲಂಡನ್ನಿನ ನೆಲದಡಿಯ ಟ್ಯೂಬ್ ರೈಲಿನ ಲೆಕ್ಕದಲ್ಲಿ.

ದಾರಿಯಲ್ಲಿ ಚಹಾ ಕುಡಿಯೋಣವೆಂದು ಒಂದು ಫುಡ್ ಹಾಲ್ ಹೊಕ್ಕೆವು. ಅಲ್ಲಿ ಹಾಂಗ್‌ಕಾಂಗಿನ ಹೆಂಗಸೊಬ್ಬಳು ಅಕ್ಕಿಯ ತೆಳು ಹಿಟ್ಟನ್ನು ತಟ್ಟೆಗೆ ಸುರಿದು, ಹಬೆಯ ಪೆಟ್ಟಿಗೆಯೊಳಗೆ ತಳ್ಳಿ, ಸ್ವಲ್ಪ ಹೊತ್ತಿಗೇ ಹೊರಗೆಳೆದು, ಬೆಳ್ಳನೆಯ ಹಾಳೆಯನ್ನು ಕೆರೆದು ಸುರುಳಿ ಸುತ್ತುತ್ತಿದ್ದಳು. ಮಾವ ನಿಂತುಬಿಟ್ಟರು.

“ವಾಟ್ ಇನ್‌ಸೈಡ್?”

“ಪ್ರಾನ್, ಪೋರ್ಕ್...”

ಮಾವ ಹಿಂದೆ ಸರಿದರು.

“ಆರ್ ನಥಿಂಗ್!” ಎಂದು ಅವಳು ನಕ್ಕಳು.

“ನಥಿಂಗ್ ಈಸ್ ವೆರಿ ಗುಡ್!”

ಬೆಲೆ ನೋಡಿ ಮತ್ತೆ ಅನುಮಾನ. “ಇಷ್ಟು ಅಗ್ಗ ಈ ಲಂಡನ್ನಿನ್ಯಾಗ ಯಾರು ಕೊಡ್ತಾರ ತಂಗಿ? ಪಾಪ, ತಪ್ಪಿ ಬರದಾಳ. ಹೇಳು ಆಕಿಗೆ!” ಬೆಲೆ ಏರಿಸಲು ಚೌಕಾಸಿ ಮಾಡುವ ಗಿರಾಕಿಯನ್ನು ಎಲ್ಲಾದರೂ ಕಂಡಿದ್ದೀರಾ?

ತಟ್ಟೆ ಬಂತು. ಮೇಲೆ ಸೋಯಾ ಸಾಸು, ಒಂದಿಷ್ಟು ಎಳ್ಳು. ನಾನು ಗುದ್ದಲು ಸಿದ್ಧಳಾಗಿ ಅವರ ಬೆನ್ನ ಹಿಂದೆ ಕೈ ಇಟ್ಟುಕೊಂಡು ಕೂತೆ. ಮಾವ ಒಂದು ಚೂರು ಬಾಯಿಗಿಟ್ಟರು. ಅಗಿದರು. ಮತ್ತೂ ಅಗಿದರು. ಕಣ್ಣು ಮುಚ್ಚಿದರು.

“ಹೋತು” ಎಂದರು.

“ಏನು ಹೋತು ಮಾಮಾ?” ನಾನು ಗುದ್ದಲು ಕೈ ಎತ್ತಿಯೇಬಿಟ್ಟೆ.

“ಒಳಗ ಹೋತು! ಜಾರಿ ಹೋತು!”

ಮತ್ತೊಂದು ಚೂರು, ಮಗದೊಂದು. ತಟ್ಟೆ ಖಾಲಿ! ನಾನು ಓಡಿಹೋಗಿ ಇನ್ನೊಂದು ತಟ್ಟೆ ತಂದೆ. ಆ ಹೆಂಗಸನ್ನು ತಬ್ಬಿಕೊಳ್ಳುವುದೊಂದು ಬಾಕಿ. ಎದೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಕುರ್ಚಿಗೆ ಒರಗಿ ಸುಮ್ಮನೆ ನೋಡುತ್ತ ಕೂತೆ.

ಅರ್ಧ ತಿಂದವರು ಥಟ್ಟನೆ ನಿಲ್ಲಿಸಿದರು. ನಾನು ಹೌಹಾರಿ ಎದ್ದೆ.

“ಕೂಡು” ಎಂದರು ಮಾವ. “ನಾ ಉಣ್ಣಲಿಲ್ಲಂತ ಇಷ್ಟು ದಿನ ನೀನೂ ನೆಟ್ಟಗ ಉಂಡಿಲ್ಲ. ನಾ ಏನು ಕುಡ್ಡೇನು? ಎಲ್ಲಾ ನೋಡೇನಿ.”

ಒಂದು ಸುರುಳಿ ಎತ್ತಿ ನನ್ನ ಬಾಯಿಯ ಹತ್ತಿರ ತಂದರು. ಸುತ್ತ ಅಷ್ಟೊಂದು ಜನ! ನಾನು ಬಾಯಿ ತೆರೆದೆ.

“ತಡಿ, ಬಿಸಿ ಐತಿ” ಎಂದು ಮಾವ ಅದನ್ನು ನಿಧಾನಕ್ಕೆ ಊದತೊಡಗಿದರು.