ಹಳದಿ ಎಲೆಗೆ ಮೊದಲ ಬಹುಮಾನ

ಎಲ್ಲದಕ್ಕೂ ಕಾರಣ ಒಂದು ಫಾರಿನ್ ಕ್ಯಾಲೆಂಡರು. ಅದರ ಅಕ್ಟೋಬರ್ ಪುಟದಲ್ಲಿ ಬಿರುಗಾಳಿಗೆ ಸಿಕ್ಕ ಕೆರೆ, ಸುತ್ತ ಶರತ್ಕಾಲದ ಹಳದಿ ಮರಗಳು. ಡ್ರಾಯಿಂಗ್ ಮೇಷ್ಟ್ರು ಶಿವಕಿರಣ ತಿಂಗಳಿಡೀ ಕೂತು ಅದನ್ನೇ ದೊಡ್ಡದಾಗಿ ಬಿಡಿಸಿದ. ಆ ಜಾತಿಯ ಮರ ಅವನು ಕಂಡವನಲ್ಲ. ಬಸರೀಕಟ್ಟೆಯಲ್ಲಿ ಬೆಳೆದ ಕೈ. ಕುಂಚ ಹಿಡಿದರೆ ಬರುವುದು ಅಡಿಕೆ ಮರವೇ.

ಕೊಪ್ಪದ ಕೃಷಿ ಮೇಳದಲ್ಲಿ ಚಿತ್ರಸ್ಪರ್ಧೆಯಿತ್ತು. ಅಡ್ಡಗದ್ದೆಯ ವೆಂಕಟಸುಬ್ಬಯ್ಯನವರು ಅಂದು ಮೇಳಕ್ಕೆ ಬರುವವರಿದ್ದರು, ಹುಡುಗನನ್ನೂ ನೋಡಿದಂತಾಯಿತು ಎಂದು. ಮಗಳು ಭಾರ್ಗವಿ ಒಪ್ಪಿಯಾಗಿತ್ತು. ವಯಸ್ಸು ಮೂವತ್ತಾರು ದಾಟಿ, ಏಳು ಸಂಬಂಧ ತಪ್ಪಿಹೋಗಿದ್ದ ಶಿವಕಿರಣನಿಗೆ ಈ ಮಾವ ಒಪ್ಪುವುದೊಂದೇ ಬಾಕಿ. ಬಹುಮಾನ ಬಂದರೆ ಒಪ್ಪದೆ ಎಲ್ಲಿ ಹೋಗುತ್ತಾರೆ?

ಚಿತ್ರ ತೂಗುಹಾಕಿದ್ದೇ ತಡ, ಜನ ಮುತ್ತಿದರು.

"ಅಯ್ಯೋ ರಾಮ, ತೋಟ ಪೂರ್ತಿ ಹಳದಿ ಎಲೆ ರೋಗ! ಯಾರದ್ದು ಮಾರಾಯ, ಪಾಪ," ಎಂದು ಸೀತೂರಿನ ಧರ್ಮಪ್ಪ ಲೊಚಗುಟ್ಟಿದ.

"ರೋಗ ಅಲ್ಲ, ಶರತ್ಕಾಲ," ಎಂದ ಶಿವಕಿರಣ.

"ಎಂತ ಕಾಲವೋ! ನೀರು ನೋಡಿ, ಹ್ಯಾಂಗೆ ನಿಂತಿದೆ. ಬಸಿಗಾಲುವೆ ತೆಗೀದಿದ್ರೆ ಹಿಂಗೇ ಆಗೋದು."

"ಅದು ಕೆರೆ ಮಾರಾಯ್ರೇ!"

ಯಾರು ಕೇಳಬೇಕು? ಜೊತೆಗಿದ್ದ ಪಿ.ಟಿ. ಮೇಷ್ಟ್ರು ರಘುಪತಿಗಂತೂ ಊರವರ ಕೆಲಸವೆಂದರೆ ಪ್ರಾಣ. ಚಿತ್ರವನ್ನು ಹೊತ್ತು ಅಡಿಕೆ ರೋಗಗಳ ಮಳಿಗೆಗೆ ಸಾಗಿಸಿಯೇಬಿಟ್ಟ. "ಅಲ್ಲಿ ನಲವತ್ತು ಚಿತ್ರದ ನಡುವೆ ನಿಂದು ಯಾರು ನೋಡ್ತಾರೆ? ರೋಗದ ಚಿತ್ರಕ್ಕೂ ಬಹುಮಾನ ಉಂಟು, ಒಬ್ಬನೂ ಕೊಟ್ಟಿಲ್ಲ. ಸುಮ್ನಿರು ಮಾರಾಯ."

ಶಿವಕಿರಣ ಸುಮ್ಮನಿದ್ದ. ಬಹುಮಾನದ ಆಸೆ ಅಂಥದ್ದು.

ಮಧ್ಯಾಹ್ನ ಅವನ ಹೆಸರನ್ನೇ ಕೂಗಿದರು. ಶಾಲು, ಹಾರ, ಔಷಧಿ ಹೊಡೆಯುವ ಪಂಪು. ಮುಂದಿನ ಸಾಲಿನಲ್ಲಿ ವೆಂಕಟಸುಬ್ಬಯ್ಯನವರೂ ಚಪ್ಪಾಳೆ ತಟ್ಟುತ್ತಿದ್ದರು.

ತೀರ್ಪುಗಾರರು ಮೈಕು ಚಾಚಿದರು. "ಇಷ್ಟು ಸರಿಯಾಗಿ ಬಿಡಿಸಿದ್ದೀರಲ್ಲ, ಯಾವ ತೋಟ ನೋಡಿ ಬರೆದಿದ್ದು?"

ಕ್ಯಾಲೆಂಡರು ಎಂದರೆ ಬಹುಮಾನವೂ ಹೋಯಿತು, ಮಾನವೂ ಹೋಯಿತು. ಶಿವಕಿರಣ ಎದೆಯುಬ್ಬಿಸಿ, "ನಮ್ದೇ ತೋಟ ಸಾರ್, ದಿನಾ ನೋಡ್ತೇನಲ್ಲ" ಎಂದುಬಿಟ್ಟ. ಅವನ ಒಂದೂವರೆ ಎಕರೆಯಲ್ಲಿ ಒಂದು ಸೋಗೆಯೂ ಹಳದಿಗೆ ತಿರುಗಿರಲಿಲ್ಲ.

ವೇದಿಕೆ ಇಳಿದವನೇ ಭಾವಿ ಮಾವನ ಕಾಲಿಗೆ ಬಿದ್ದ. ಅವರು ಬೆನ್ನು ತಟ್ಟಿದರು. "ಮೇಷ್ಟ್ರೇ, ಎಂಟು ದಿನದಿಂದ ನಿಮ್ಮ ತೋಟದ ಬಗ್ಗೆ ವಿಚಾರಿಸ್ತಿದ್ದೆ. ಎಲ್ರೂ ಚಿನ್ನದಂಥ ತೋಟ ಅಂತ ಸುಳ್ಳು ಹೇಳಿದ್ರು. ನೀವೊಬ್ರೇ ಹತ್ತು ಜನರೆದುರು ನಿಜ ಹೇಳಿದ್ದು. ದೊಡ್ಡ ಗುಣ."

ಶಿವಕಿರಣ ಹಲ್ಲು ಬಿಟ್ಟ.

"ಆದ್ರೆ ರೋಗ ಬಿದ್ದ ತೋಟಕ್ಕೆ ಕೂಸನ್ನ ಹ್ಯಾಂಗೆ ಕೊಡೋದು, ನೀವೇ ಹೇಳಿ?" ಎನ್ನುತ್ತ ಅವರು ಚಪ್ಪಲಿ ಮೆಟ್ಟಿದರು. ಹೊರಟವರು ಅವನ ಕಂಕುಳಲ್ಲಿದ್ದುದನ್ನು ನೋಡಿ ಕನಿಕರದಿಂದ ಹೇಳಿದರು:

"ಪಂಪು ನಿಮಗೇ ಸಿಕ್ಕಿದ್ದು ಒಳ್ಳೇದಾಯ್ತು."