ಮೌನಪ್ಪನ ಕಾರು ದೇವದುರ್ಗ ತಲುಪಿದ ಕ್ರಮ

ಮೂವತ್ತು ವರ್ಷ ಮೀರಿದ ಮೋಟಾರು ಕಾರುಗಳು, ಟಾಂಗಾಗಳು, ಕೈಗಾಡಿಗಳು ಮತ್ತು ಎತ್ತಿನ ಬಂಡಿಗಳು ಒಂದೇ ವರ್ಗಕ್ಕೆ ಸೇರಿದ ವಸ್ತುಗಳೆಂದು ರಾಯಚೂರಿನ ಚಲಿಸುವ ವಸ್ತುಗಳ ತಪಾಸಣಾ ಕಚೇರಿಯು 1976ನೇ ಇಸವಿಯಲ್ಲಿ ತೀರ್ಮಾನಿಸಿತು. ಇವಕ್ಕೆಲ್ಲ ಚಕ್ರಗಳಿವೆ, ಮತ್ತು ಇವು ಎಲ್ಲಿ ನಿಲ್ಲುತ್ತವೆಂದು ಮೊದಲೇ ಹೇಳಲಾಗದು ಎಂಬುದು ತೀರ್ಮಾನಕ್ಕೆ ಆಧಾರ. ಈ ತೀರ್ಮಾನವನ್ನೂ ಅದರ ಕೆಳಗಿನ ನಲವತ್ತೊಂದು ನಿಯಮಗಳನ್ನೂ ಬರೆದವನು ಆ ಕಚೇರಿಯ ಹೆಡ್ ಕ್ಲಾರ್ಕ್ ಮೌನಪ್ಪ.

ಮೌನಪ್ಪನ ಮನೆತನದಲ್ಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವರಲ್ಲಿ ಅವನೇ ಮೊದಲಿಗ. ಅವನ ಅಪ್ಪನ ಕಾಲಕ್ಕೆ ದೊಡ್ಡವರ ಬಾಯಿಮಾತೇ ಕಾನೂನು. ಬೆಳಿಗ್ಗೆ ಒಂದಿರುತ್ತಿತ್ತು, ಸಂಜೆಗೆ ಇನ್ನೊಂದು. ಬರೆದಿಟ್ಟದ್ದಾದರೆ ಹಾಗಲ್ಲ, ಅದು ಕೂಲಿಯವನಿಗೂ ಜಹಗೀರದಾರನಿಗೂ ಒಂದೇ ಎಂದು ಮೌನಪ್ಪ ನಂಬಿದ್ದ. ಆದ್ದರಿಂದ ಒಂದೊಂದು ನಿಯಮವನ್ನೂ ಮೂರು ಸಲ ತಿದ್ದಿ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಿದ್ದ. ಬರೆದದ್ದನ್ನು ಪಾಲಿಸುವ ಪ್ರಸಂಗ ತನಗೇ ಬರುತ್ತದೆಂಬ ಕಲ್ಪನೆ ಅವನಿಗಿರಲಿಲ್ಲ.

1979ರ ಮಾರ್ಚಿನಲ್ಲಿ ಬಂಡಿಗಳ ತಪಾಸಣೆಗೆಂದು ಪೋತ್ನಾಳಕ್ಕೆ ಹೋದಾಗ, ಒಬ್ಬ ರೈತನ ಕಣದ ಮೂಲೆಯಲ್ಲಿ ಹುಲ್ಲಿನ ಕೆಳಗೆ ಅವನಿಗೊಂದು ಕಾರು ಕಂಡಿತು. 1936ರದ್ದು. ಯಾರೋ ಜಹಗೀರದಾರರು ಬಿಟ್ಟುಹೋದದ್ದು. ಕಂಪನಿಯ ಹೆಸರಿನ ತಗಡು ಎಂದೋ ಕಳಚಿ ಹೋಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮೌನಪ್ಪ ಬಾನೆಟ್ಟಿನ ಮೇಲಿನ ಹಿಕ್ಕೆಯನ್ನು ಕರ್ಚೀಫಿನಿಂದ ಒರೆಸಿದ. ಕೆಳಗೆ ಹಸಿರು ಬಣ್ಣ ಇಣುಕಿತು. ಅಲ್ಲಿಂದ ಮುಂದೆ ತನ್ನ ಬುದ್ಧಿ ತನ್ನ ಸ್ವಾಧೀನದಲ್ಲಿರಲಿಲ್ಲವೆಂದು ಅವನೇ ನಂತರ ಕಡತದಲ್ಲಿ ದಾಖಲಿಸಿದ್ದಾನೆ.

ರೈತ ದುಡ್ಡು ಬೇಡವೆಂದ, ಎಮ್ಮೆ ಬೇಕೆಂದ. ಮೌನಪ್ಪನ ಮನೆಯಲ್ಲಿ ಒಂದೇ ಎಮ್ಮೆ. ಅದು ಹೆಂಡತಿ ಅಮರಮ್ಮನಿಗೆ ದೇವದುರ್ಗದ ತವರಿನಿಂದ ಬಂದದ್ದು. ಎಂಟನೇ ದಿನಕ್ಕೆ ಎಮ್ಮೆ ಪೋತ್ನಾಳ ಸೇರಿತು, ಕಾರು ಎತ್ತುಗಳ ಹಿಂದೆ ರಾಯಚೂರು ಸೇರಿತು.

ಅಮರಮ್ಮ ಕೂಗಾಡಲಿಲ್ಲ. ಹಾಲಿಲ್ಲದ ಚಹಾ ತಂದು ಗಂಡನ ಮುಂದಿಟ್ಟಳು.

"ಹಾಲು ಕೊಡೋದನ್ನ ಕೊಟ್ಟು ಎಣ್ಣಿ ಕುಡಿಯೋದನ್ನ ತಂದ್ರಿ," ಎಂದಳು.

ಸುದ್ದಿ ದೇವದುರ್ಗಕ್ಕೆ ಮುಟ್ಟಿತು. ಅವಳ ಅಪ್ಪ ಆದೆಪ್ಪ ಮಾತು ಕಡಿಮೆಯ ಮನುಷ್ಯ. ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ: "ಎಮ್ಮಿ ಕೊಟ್ಟು ತಂದ ಕಾರಿನ್ಯಾಗ ಕುಂತು ಬಂದ್ರ ಬರ್ರಿ. ಬಸ್ಸಿಗೆ ಬರೋದಾದ್ರ ನನ್ನ ಅಂಗಳ ತುಳಿಬ್ಯಾಡ್ರಿ."

ಆ ವರ್ಷ ನಾಗರ ಪಂಚಮಿಗೆ ಅಮರಮ್ಮ ತವರಿಗೆ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ.

ಕಾರನ್ನು ಎಬ್ಬಿಸುವ ಕೆಲಸ ನೂರ್ ಬೀಯ ಪಾಲಿಗೆ ಬಂತು. ಅವಳ ಗಂಡನಿಗೆ ರಾಯಚೂರಿನ ತೀನ್ ಕಂದೀಲು ಸರ್ಕಲ್ಲಿನ ಹತ್ತಿರ ಪಂಪು ರಿಪೇರಿಯ ಅಂಗಡಿಯಿತ್ತು. ಅವನು ತೀರಿಹೋದ ನಲವತ್ತನೇ ದಿನ ಮುಗಿಸಿ ಅವಳೇ ಪಾನಾ ಹಿಡಿದು ಕೂತಿದ್ದಳು. ನೀರಾವರಿಯ ಪಂಪುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಊರಿಗೇ ಅವಳದು ಎತ್ತಿದ ಕೈ.

"ನೀವು ಕಾರು ರಿಪೇರಿ ಮಾಡೀರೇನು?" ಎಂದು ಮೌನಪ್ಪ ಕೇಳಿದ.

"ಪಂಪಿಗೂ ಕಾರಿಗೂ ಏನು ಫರಕ್ ಅದ ಸಾಬ್? ಅದು ನೀರು ಎಳಿತದ, ಇದು ನಿಮ್ಮನ್ನ ಎಳಿತದ."

ಎರಡು ವರ್ಷ ಹಿಡಿಯಿತು. ಸೀಮೆಎಣ್ಣೆ ಪಂಪಿನ ಕಾರ್ಬುರೇಟರ್ ಬಂತು. ಅಕ್ಕಿ ಗಿರಣಿಯ ಬೆಲ್ಟು ಬಂತು. ಮುಚ್ಚಿಹೋದ ಟೂರಿಂಗ್ ಟಾಕೀಸಿನ ಕುರ್ಚಿಗಳು ಸೀಟುಗಳಾದವು. ಕಳಚಿದ ಹಳೆಯ ಸಾಮಾನನ್ನೆಲ್ಲ ನೂರ್ ಬೀ ಅಂಗಡಿಯ ಹಿಂದೆ ಒಟ್ಟಿದಳು. ಪ್ರತಿ ಭಾನುವಾರ ಮೌನಪ್ಪ ಹೋಗಿ ಬಾನೆಟ್ಟನ್ನು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ತನ್ನ ತಲೆಗೆ ಎಣ್ಣೆ ಹಚ್ಚುವುದನ್ನು ಅವನು ಆ ಎರಡು ವರ್ಷ ಮರೆತಿದ್ದ. 1981ರ ಮೇ ತಿಂಗಳ ಒಂದು ಬೆಳಿಗ್ಗೆ ನೂರ್ ಬೀ ಮುಂದೆ ನಿಂತು ಹ್ಯಾಂಡಲ್ ಹೊಡೆದಳು. ಏಳನೇ ಸಲಕ್ಕೆ ಎಂಜಿನ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಓಡತೊಡಗಿತು. ಮೌನಪ್ಪ ಕನ್ನಡಕ ತೆಗೆದು ಒರೆಸಿದ. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಇನ್ನು ಉಳಿದದ್ದು ಪರವಾನಗಿ. ಸರಕಾರಿ ವೇಳೆಯಲ್ಲಿ ಖಾಸಗಿ ಕೆಲಸ ಸಲ್ಲದೆಂದು ಮೌನಪ್ಪ ಊಟದ ಬಿಡುವಿನಲ್ಲಿ ಕಚೇರಿಯ ಹೊರಗೆ ಬಂದು, ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಂತ. ಅರ್ಧ ತಾಸು ನಿಂತ. ಒಳಗೆ ಅರ್ಜಿ ತೆಗೆದುಕೊಳ್ಳಬೇಕಾದ ನೌಕರ ಇರಲಿಲ್ಲ, ಏಕೆಂದರೆ ಅವನು ಹೊರಗೆ ನಿಂತಿದ್ದ. ಬಿಡುವು ಮುಗಿದ ಮೇಲೆ ಒಳಗೆ ಹೋಗಿ ಕೂತ. ಆಗ ಹೊರಗೆ ಅರ್ಜಿದಾರ ಇರಲಿಲ್ಲ. ಹೀಗೆ ನಾಲ್ಕು ದಿನ ನಡೆದ ಮೇಲೆ ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದ. ಮರುದಿನ ಅದು ಅವನ ಮೇಜಿಗೆ ಬಂತು. ಬಿಡಿಸಿ ಓದಿದವನೇ ಎರಡು ಆಕ್ಷೇಪಣೆ ಎತ್ತಿದ.

ನಿಯಮ 17: ಪುರಾತನ ವಾಹನದ ಸಕಲ ಭಾಗಗಳೂ ಅದು ಹುಟ್ಟಿದಾಗಿನವೇ ಆಗಿರತಕ್ಕದ್ದು.

ನಿಯಮ 18: ವಾಹನದ ಯಾವುದೇ ಭಾಗವು ಮೂವತ್ತು ವರ್ಷ ಮೀರಿದ್ದಲ್ಲಿ ಅದನ್ನು ಕಿತ್ತು ಹೊಸದನ್ನು ಹಾಕತಕ್ಕದ್ದು.

ಎರಡನ್ನೂ ಅವನು ಒಂದೇ ಸಂಜೆ ಬರೆದಿದ್ದ. ಹದಿನೇಳು ಚಹಾಕ್ಕಿಂತ ಮುಂಚೆ, ಹದಿನೆಂಟು ಚಹಾ ಆದ ಮೇಲೆ. ಬಿಡಿಬಿಡಿಯಾಗಿ ಓದಿದರೆ ಎರಡೂ ಬಹಳ ಚಂದವಾಗಿದ್ದವು.

ತಪಾಸಣಾಧಿಕಾರಿ ವಿರೂಪಣ್ಣನವರು ಮೃದು ಸ್ವಭಾವದವರು. ನಲವತ್ತೊಂದು ನಿಯಮಗಳಲ್ಲಿ ಅವರಿಗೆ ಬಾಯಿಪಾಠ ಬರುತ್ತಿದ್ದದ್ದು ಒಂಬತ್ತನೆಯದು ಮಾತ್ರ: ತಪಾಸಣೆಯು ಅರ್ಜಿದಾರರ ಮನೆಯಲ್ಲಿ ಊಟದ ವೇಳೆಗೆ ನಡೆಯತಕ್ಕದ್ದು. ಅದರಂತೆ ಮೌನಪ್ಪನ ಮನೆಗೆ ಬಂದು, ರೊಟ್ಟಿ, ಪುಂಡಿಪಲ್ಯ ಉಂಡು, ಕಾರು ನೋಡಿದರು. ಕಾರು ಓಡಿತು. ಓಡಿದ್ದರಿಂದ ಪುರಾತನವಲ್ಲವೆಂದು ವರದಿಯಾಯಿತು. ನೂರ್ ಬೀ ಹೊಸದನ್ನೆಲ್ಲ ಕಿತ್ತು ಹಳೆಯದನ್ನು ಹಾಕಿದಳು. ವಿರೂಪಣ್ಣನವರು ಮತ್ತೆ ಬಂದು ಉಂಡರು. ಈ ಸಲ ಕಾರು ಪುರಾತನವಾಗಿತ್ತು, ಆದರೆ ಮಿಸುಕಲಿಲ್ಲ. ಸುಸ್ಥಿತಿಯಲ್ಲಿಲ್ಲವೆಂದು ವರದಿಯಾಯಿತು. ಐದನೇ ತಪಾಸಣೆಯ ಹೊತ್ತಿಗೆ ವಿರೂಪಣ್ಣನವರ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಅವರಿಗೂ ಒಂದು ಥರದ ಸಂಕೋಚವಾಯಿತು.

"ಮೌನಪ್ಪ, ನಿಯಮ ಬರದಾಂವ ನೀನೇ ಅದೀ. ಒಂದು ಗೆರಿ ಹೊಡದು ಹಾಕಿಬಿಡು. ನಾ ಕಣ್ಣು ಮುಚ್ಚಿ ಸಹಿ ಮಾಡ್ತೀನಿ."

"ಆಗಂಗಿಲ್ಲ ಸಾಹೇಬ್ರ. ಈ ಅರ್ಜಿದಾರನ್ನ ನಾ ಸಣ್ಣಾಂವ ಇದ್ದಾಗಿಂದ ಬಲ್ಲೆ. ಒಂದು ಸಲ ಬಿಟ್ರ ರೂಢಿ ಮಾಡ್ಕೊಂತಾನ."

ಅದೇ ಮಧ್ಯಾಹ್ನ, ವಿರೂಪಣ್ಣನವರು ಕೈ ತೊಳೆದು ಹೋದ ಮೇಲೆ, ಅಮರಮ್ಮ ರೊಟ್ಟಿಯ ಬುಟ್ಟಿ ಮುಚ್ಚುತ್ತ ಕೇಳಿದಳು. "ಬ್ಯಾರೆದವ್ರಿಗೂ ನೀವು ಹಿಂಗೇ ಮಾಡ್ತೀರೇನು?"

"ಎಲ್ಲರಿಗೂ ಒಂದೇ," ಎಂದ ಮೌನಪ್ಪ, ತುಸು ಹೆಮ್ಮೆಯಿಂದಲೇ.

"ಹಂಗಾದ್ರ ಅವ್ರ ಹೆಂಡ್ರೂ ತವರಿಗಿ ಹೋಗಿಲ್ಲೇನು?"

ಮೌನಪ್ಪ ನಲವತ್ತೊಂದು ನಿಯಮಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಹೆಂಡತಿ ಎಂಬ ಶಬ್ದ ಯಾವುದರಲ್ಲೂ ಇರಲಿಲ್ಲ.

"ಯಪ್ಪಗ ಈಗ ಕಣ್ಣು ಮಂಜು ಆಗ್ಯಾವಂತ," ಎಂದಳು ಅವಳು. "ಬರೋ ಪಂಚಮಿಗಿ ನಾ ಬಸ್ಸಿಗೇ ಹೋಗ್ತೀನಿ. ಅಂಗಳಕ್ಕ ಬಿಡಲಿಲ್ಲಂದ್ರ ಹೊರಗ ನಿಂತು ಮಾರಿ ನೋಡಿ ಬರ್ತೀನಿ."

ಪಂಚಮಿಗೆ ಇಪ್ಪತ್ತೆರಡು ದಿನ ಇತ್ತು. ಮೌನಪ್ಪ ಕಡತ ಕಂಕುಳಲ್ಲಿಟ್ಟುಕೊಂಡು ತೀನ್ ಕಂದೀಲಿಗೆ ನಡೆದ. ನೂರ್ ಬೀಗೆ ಓದಲು ಬಾರದು. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ತಾನೇ ಓದಿ ಹೇಳಿದ. ಅವಳು ಒಂದು ಪಂಪಿನ ವಾಲ್ವು ಉಜ್ಜುತ್ತ ಕೇಳಿದಳು. ಓದಿ ಮುಗಿದ ಮೇಲೆ ಅಂಗಡಿಯ ಹಿಂದಿನ ತುಕ್ಕಿನ ಗುಡ್ಡೆಯನ್ನು ತೋರಿಸಿದಳು.

"ಅದು ಯಾರ ಕಾರು ಸಾಬ್?"

"ನಂದೇ. ಹಳೇ ಸಾಮಾನು."

"ಆ ಓಡೋದು?"

"ಅದೂ ನಂದೇ."

"ಮತ್ತ ನಿಮ್ಮವು ಎರಡು ಅದಾವಲ್ಲ. ಒಂದು ಪುರಾತನ ಅದ, ಒಂದು ಓಡ್ತದ. ಒಂದೊಂದಕ್ಕ ಒಂದೊಂದು ಕಾಗದ ಕೊಟ್ಟರಾತು. ನಾ ಯಾಕ ದಿನಾ ಬಿಚ್ಚಿ ಹಾಕಬೇಕು?"

ಮೌನಪ್ಪ ಅಲ್ಲೇ ಟೈರಿನ ಮೇಲೆ ಕೂತು ಕಡತವನ್ನು ಇನ್ನೊಮ್ಮೆ ಓದಿದ. ಅವಳ ಮಾತಿಗೆ ಅಡ್ಡ ಬರುವ ನಿಯಮವನ್ನು ಬರೆಯಲು ತಾನು ಮರೆತಿದ್ದೇನೆಂದು ಗೊತ್ತಾಯಿತು. ಸಂತೋಷವೂ ಅವಮಾನವೂ ಒಟ್ಟಿಗೇ ಆದವು. ಮರುದಿನ ಕಚೇರಿಯ ಗೋಡೆಗೆ ಕೆಳಗಿನ ಆದೇಶ ಅಂಟಿತು.

"ಸದರಿ ಅರ್ಜಿದಾರರ ಕಾರು ಒಂದು ಪುರಾತನ ವಾಹನ ಮತ್ತು ಒಂದು ಸುಸ್ಥಿತಿಯ ವಾಹನ ಎಂದು ಎರಡಾಗಿರುವುದನ್ನು ಮಾನ್ಯ ಮಾಡಲಾಗಿದೆ. ಪುರಾತನ ವಾಹನಕ್ಕೆ ಸ್ವಂತ ಚಲನೆ ಇಲ್ಲದ್ದರಿಂದ ಅದನ್ನು ಬಂಡಿಯಲ್ಲಿರಿಸಿ ಒಯ್ಯತಕ್ಕದ್ದು. ಹಾಗೆ ಇರಿಸಿದ ಕ್ಷಣದಿಂದ ಬಂಡಿಯೂ ಕಾರಿನ ಭಾಗವಾಗಿರುತ್ತದೆ. ಹಿರಿಯದಾದ ಕಾರಣ ಅದು ಮುಂದೆ ಹೋಗತಕ್ಕದ್ದು. ಸುಸ್ಥಿತಿಯ ವಾಹನವು ಅದರ ಹಿಂದೆ ಬರತಕ್ಕದ್ದು, ದಾಟತಕ್ಕದ್ದಲ್ಲ, ಹಾರ್ನ್ ಹೊಡೆಯತಕ್ಕದ್ದಲ್ಲ. ಪುರಾತನ ವಾಹನದಲ್ಲಿ ಅನ್ಯ ಸರಕು ಸಾಗಿಸತಕ್ಕದ್ದಲ್ಲ. ಮೂಲ ಸೀಟಿನ ಮೇಲೆ ಪ್ರಯಾಣಿಕರು ಕೂರಬಹುದು."

ವಿರೂಪಣ್ಣನವರು ಓದಿ, "ಸುಲಭ ಆತು ನೋಡು," ಎಂದು ಸಹಿ ಹಾಕಿದರು.

ಬಂಡಿ ಸಿಕ್ಕಿದ್ದು ಯಾಪಲದಿನ್ನಿಯ ತಾಯಣ್ಣನದು. ಬಂಡಿ ಈಗ ಕಾರಾದ್ದರಿಂದ ಅವನಿಗೆ ಕಾರಿನ ಚಾಲನಾ ಪರೀಕ್ಷೆ ನಡೆಸುವುದು ಅನಿವಾರ್ಯವಾಯಿತು. ಕಚೇರಿಯ ಅಂಗಳದಲ್ಲಿ ಮೌನಪ್ಪನೇ ಪ್ರಶ್ನೆ ಕೇಳಿದ.

"ಗೇರು ಎಷ್ಟು?"

ತಾಯಣ್ಣ ಎತ್ತುಗಳ ಕಡೆ ನೋಡಿದ. "ಎರಡು ರೀ. ಒಂದು ಕರೇದು, ಒಂದು ಬಿಳೇದು."

"ರಿವರ್ಸ್?"

"ಕರೇದು ಹೋಗ್ತದ್ರಿ. ಬಿಳೇದು ಕೇಳಂಗಿಲ್ಲ."

"ಬ್ರೇಕು?"

"ಹೋ ಅಂತೀನ್ರಿ."

ತಾಯಣ್ಣ ತೇರ್ಗಡೆಯಾದ. ರಿವರ್ಸ್ ಅರ್ಧ ಮಾತ್ರ ಇದೆಯೆಂದು ಪರವಾನಗಿಯಲ್ಲಿ ನಮೂದಾಯಿತು.

ಪಂಚಮಿಗೆ ಐದು ದಿನ ಮುಂಚೆ ಅವರು ಹೊರಟರು. ಮುಂದೆ ತಾಯಣ್ಣನ ಬಂಡಿ, ಅದರಲ್ಲಿ ತುಕ್ಕು ಹಿಡಿದ ರೇಡಿಯೇಟರು, ಡೈನಮೋ, ಮಡ್‌ಗಾರ್ಡು, ಹಿಂದಿನ ಹಳೆಯ ಸೀಟು. ಹಿಂದೆ ಹಸಿರು ಕಾರು. ಮೌನಪ್ಪನಿಗೆ ಬ್ರೇಕಿನ ಮೇಲೆ ನಂಬಿಕೆ ಸಾಲದೆಂದು ನೂರ್ ಬೀಯೇ ಸ್ಟಿಯರಿಂಗ್ ಹಿಡಿದಿದ್ದಳು. ಎತ್ತುಗಳ ಮೇವು ಅನ್ಯ ಸರಕಾದ್ದರಿಂದ ಅದನ್ನು ಕಾರಿನ ಹಿಂದಿನ ಸೀಟಿಗೂ ಮುಂದೆ ಮೌನಪ್ಪನ ಪಕ್ಕಕ್ಕೂ ತುಂಬಿದ್ದರು. ಅಮರಮ್ಮ ಹಬ್ಬದ ಸೀರೆಯುಟ್ಟು ಮೇವಿನ ಸಿವುಡುಗಳ ನಡುವೆ ಕೂತಳು. ಕಲ್ಮಲ ದಾಟುವುದರೊಳಗೆ ಮೈಯೆಲ್ಲ ತುರಿಸಿತು. ಸೀಮೆಎಣ್ಣೆಯ ಹೊಗೆಗೆ ಕಣ್ಣಲ್ಲಿ ನೀರು ಬಂತು.

"ಕಾರು ನಿಲ್ಸ್ರಿ," ಎಂದಳು. ಇಳಿದು, ಮುಂದೆ ನಡೆದು, ಬಂಡಿಯ ಮೇಲಿನ ಹಳೆಯ ಸೀಟಿಗೆ ಕೌದಿ ಹಾಸಿ ಕೂತಳು. ಮೇಲೆ ಗಾಳಿ ಆಡುತ್ತಿತ್ತು. ತಾಯಣ್ಣ ಮಾತಿಗೆ ಸಿಕ್ಕ. ಅವಳು ಮತ್ತೆ ಕೆಳಗಿಳಿಯಲಿಲ್ಲ.

ಕಾರು ಸಿಕ್ಕಿದ ಪೋತ್ನಾಳ ಮಾನ್ವಿ ಶಾಖೆಯ ಹದ್ದಿಗೆ ಸೇರಿದ್ದರಿಂದ ಅಲ್ಲಿಗೆ ಹೋಗಿ ಮೊಹರು ಹಾಕಿಸಬೇಕಿತ್ತು. ಅಲ್ಲಿಯ ಗುಮಾಸ್ತ ಬಂಡಿಯ ಪ್ರಮಾಣಪತ್ರಕ್ಕೆ ಮೊಹರು ಹಾಕಿದ. ಹಿಂದಿನದು ಏನೆಂದು ಕೇಳಿದ. ಮೇವಿನ ಗಾಡಿ ಎಂದು ತಾಯಣ್ಣ ಹೇಳಿದ. ಗುಮಾಸ್ತ ಒಳಗೆ ಇಣುಕಿ ನೋಡಿ, ಮೇವು ಕಂಡು, ಹಾಗೆಯೇ ಬರೆದುಕೊಂಡ. ಸಿರವಾರದ ಆಚೆ ಎರೆಮಣ್ಣಿನಲ್ಲಿ ಕಾರು ಹೂತಾಗ ಪುರಾತನ ವಾಹನವು ಅದನ್ನು ಎರಡು ಸಲ ಎಳೆದು ದಡ ಸೇರಿಸಿತು. ಮೌನಪ್ಪ ಬರಿಗಾಲಲ್ಲಿ ಕೆಸರಿನಲ್ಲಿ ನಿಂತು, ಇದಕ್ಕೊಂದು ನಿಯಮ ಬೇಕಾಗುತ್ತದೆಂದು ಯೋಚಿಸಿದ. ಆಮೇಲೆ, ಬೇಡ ಅನ್ನಿಸಿತು.

ಐದನೆಯ ದಿನ ಬೆಳಿಗ್ಗೆ ದೇವದುರ್ಗ ಬಂತು. ಆದೆಪ್ಪ ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ಬಂಡಿ ನಿಂತಿತು. ಹಿಂದೆ ಕಾರು, ದಾಟಲು ಅಧಿಕಾರವಿಲ್ಲದೆ, ಓಣಿಯಲ್ಲೇ ನಿಂತಿತು. ಅಮರಮ್ಮ ಇಳಿಯಲಿಲ್ಲ.

"ಯಪ್ಪಾ, ಕಾರಿನ್ಯಾಗ ಬಂದೀನಿ," ಎಂದಳು, ಮೇಲಿನಿಂದಲೇ.

ಆದೆಪ್ಪ ಕೋಲು ಊರಿಕೊಂಡು ಬಂದ. ಮೌನಪ್ಪ ಕೊಟ್ಟ ಪ್ರಮಾಣಪತ್ರವನ್ನು ಮಂಜುಗಣ್ಣಿಗೆ ಹತ್ತಿರ ಹಿಡಿದು ಮೊಹರನ್ನು ಬೆರಳಿನಿಂದ ಮುಟ್ಟಿದ. ಬಂಡಿಯ ಗಾಲಿ ತಟ್ಟಿದ. ಎತ್ತುಗಳ ಬೆನ್ನು ಸವರಿದ. ಕೊನೆಗೆ ಮಗಳ ಪಾದ ಕೈಗೆ ಸಿಕ್ಕಿತು. ಅದನ್ನು ಬಿಡಲಿಲ್ಲ.

"ಕಾರು ಚಲೋ ಅದ," ಎಂದ. "ದಾರ್ಯಾಗ ಕೆಟ್ಟಿಲ್ಲೇನು ಅಳಿಯಂದ್ರ?"

"ಒಮ್ಮೆನೂ ಇಲ್ರಿ ಮಾವಾರ," ಎಂದ ಮೌನಪ್ಪ. ಅದು ನಿಜವಾಗಿತ್ತು.

"ಎಣ್ಣಿ ಎಷ್ಟು ಕುಡಿತದ?"

"ಎಣ್ಣಿ ಬೇಕಿಲ್ರಿ. ಮೇವು."

ಓಣಿಯ ಮಂದಿ ಸೇರಿದರು. ಹೆಂಗಸರು ಬಂಡಿಗೆ ಅರಿಶಿನ ಕುಂಕುಮ ಹಚ್ಚಿದರು. ಯಾರೋ ಹಿಂದಿನ ಹಸಿರು ವಸ್ತು ಏನೆಂದು ಕೇಳಿದರು.

"ಅದು ಕಾರಿನ ಸಾಮಾನು ತರೋದಕ್ಕ," ಎಂದ ಆದೆಪ್ಪ. "ದೊಡ್ಡ ಗಾಡಿ ಇದ್ದವ್ರು ಹಿಂದೊಂದು ಸಣ್ಣದು ಇಟ್ಕೊಂಡಿರ್ತಾರ."

ಮೌನಪ್ಪ ತಿದ್ದಲು ಬಾಯಿ ತೆರೆದ. ಕೈ ಅಭ್ಯಾಸಬಲದಿಂದ ಕಂಕುಳ ಕಡತಕ್ಕೆ ಹೋಯಿತು. ಬಿಚ್ಚಿ ನೋಡಿದರೆ, ಕಡತದ ಪ್ರಕಾರ ಮಾವನ ಮಾತು ಅಕ್ಷರಶಃ ಸರಿಯಿತ್ತು. ತನ್ನ ನಿಯಮಗಳನ್ನು ಇಷ್ಟು ಸಲೀಸಾಗಿ ಅರ್ಥ ಮಾಡಿಕೊಂಡ ಮನುಷ್ಯನನ್ನು ಅವನು ಅಂದೇ ಮೊದಲು ನೋಡಿದ್ದು. ಕಡತ ಮುಚ್ಚಿದ.

ಹಬ್ಬದ ಮರುದಿನ ಆದೆಪ್ಪ ಕಾರಿನಲ್ಲಿ ಊರು ಸುತ್ತಬೇಕೆಂದ. ತಾಯಣ್ಣ ಎತ್ತು ಹೂಡಿದ. ಮುದುಕ ಒಗೆದ ಧೋತರ ಉಟ್ಟು ಹಳೆಯ ಸೀಟಿನ ಮೇಲೆ ಮಗಳ ಪಕ್ಕದಲ್ಲಿ ಕೂತ. ಜಾಗ ಸಾಲದೆ ಮೌನಪ್ಪ ಕೆಳಗೇ ಉಳಿದ. ನೂರ್ ಬೀ ಹ್ಯಾಂಡಲ್ ಹೊಡೆದು, ಒಳಗೆ ಕೂತು, ಪಕ್ಕದ ಬಾಗಿಲು ತೆಗೆದಳು.

"ಬರ್ರಿ ಸಾಬ್. ಮೇವು ಸ್ವಲ್ಪ ಸರಿಸಿ ಕುಂದರ್ರಿ."

ಮೌನಪ್ಪ ಮೇವು ಸರಿಸಿ ಕೂತ. ಕಾರು ಮೊದಲ ಗೇರಿನಲ್ಲಿ, ಹಾರ್ನ್ ಹೊಡೆಯದೆ, ಕಾರಿನ ಹಿಂದೆ ಹೊರಟಿತು.